ಪಾಲಿಸಿಯಲ್ಲಿ ಹೆಸರಿಲ್ಲದ ಭಾಮೈದ ಕಾರು ಗುದ್ದಿದ: ನಮ್ಮ ಇನ್ಶೂರೆನ್ಸ್ ಕೈ ಹಿಡಿಯಿತಾ?

ಮೊದಲು ಅಂಕ ಕೊಟ್ಟುಬಿಡುತ್ತೇನೆ. ಕ್ಲೇಮ್ ನೋಡಿಕೊಂಡವರಿಗೆ ಐದಕ್ಕೆ ನಾಲ್ಕು. ಪಾಲಿಸಿ ಮಾರಿದ ಏಜೆಂಟನಿಗೆ ಎರಡು, ಅದೂ ಮುಖ ನೋಡಿ. ಕಂಪನಿಯ ಹೆಸರು ಹಾಕುವುದಿಲ್ಲ. ಅಮೆರಿಕದಲ್ಲಿ ಕಾರು ಇಟ್ಟುಕೊಂಡು, ಮನೆಯಲ್ಲಿ ತಮ್ಮನನ್ನೋ ಅತ್ತೆ ಮಾವನನ್ನೋ ಇರಿಸಿಕೊಂಡಿರುವ ಯಾರಿಗಾದರೂ ಈ ತಲೆನೋವು ಬರಬಹುದು, ಕಂಪನಿ ಯಾವುದಾದರೂ ಇರಲಿ.

ಆಗಿದ್ದು ಇಷ್ಟು. ಪಾಲಿಸಿಯಲ್ಲಿ ಡ್ರೈವರ್ ಅಂತ ಇದ್ದದ್ದು ನನ್ನ ಮತ್ತು ಹೆಂಡತಿಯ ಹೆಸರು ಮಾತ್ರ. ಪಾಲಿಸಿ ತೆಗೆದುಕೊಂಡ ಮೇಲೆ ಅವಳ ತಮ್ಮ ಓದು ಮುಗಿಸಿ ಬಂದು, ಬಾಡಿಗೆ ಮನೆ ಸಿಗುವ ತನಕ ಅಂತ ನಮ್ಮಲ್ಲೇ ಉಳಿದುಕೊಂಡ. ಲೈಸೆನ್ಸ್ ಇತ್ತು. ಅಂಗಡಿಯ ಪಾರ್ಕಿಂಗಿನಲ್ಲಿ ರಿವರ್ಸ್ ತೆಗೆಯುವಾಗ ಹಿಂದೆ ಹೋಗುತ್ತಿದ್ದ ಕಾರಿಗೆ ಗುದ್ದಿದ. ಯಾರಿಗೂ ಪೆಟ್ಟಾಗಲಿಲ್ಲ. ಅವರ ಕಾರಿನ ಬಾಗಿಲು ನಜ್ಜುಗುಜ್ಜಾಯಿತು, ನಮ್ಮ ಹಿಂದಿನ ಬಂಪರ್ ಒಂದು ಕಡೆ ಕಿತ್ತುಕೊಂಡು ನೇತಾಡುತ್ತಿತ್ತು. ತಪ್ಪು ಪೂರ್ತಿ ನಮ್ಮದೇ, ಅದರಲ್ಲಿ ವಾದ ಇರಲಿಲ್ಲ.

ಅದೇ ಸಂಜೆ ಏಜೆಂಟನಿಗೆ ಫೋನ್ ಮಾಡಿದೆ. ‘ನಿಮ್ಮ ಒಪ್ಪಿಗೆ ತೆಗೆದುಕೊಂಡು ಯಾರು ಓಡಿಸಿದರೂ ಕವರ್ ಆಗುತ್ತದೆ, ಆರಾಮಾಗಿರಿ’ ಅಂದ. ಇದು ಅರ್ಧ ಸತ್ಯ. ಒಮ್ಮೊಮ್ಮೆ ಕಾರು ಕೇಳಿ ಒಯ್ಯುವ ಗೆಳೆಯನಿಗೆ ಈ ಮಾತು ಹೆಚ್ಚಾಗಿ ಒಪ್ಪುತ್ತದೆ, ಅದನ್ನೇ ‘ಪರ್ಮಿಸಿವ್ ಯೂಸ್’ ಅನ್ನುವುದು. ಆದರೆ ಅದೇ ಮನೆಯಲ್ಲಿ ಇದ್ದುಕೊಂಡು, ಬೇಕೆಂದಾಗ ಕೀ ಎತ್ತಿಕೊಂಡು ಹೋಗುವ ಮನುಷ್ಯನ ಲೆಕ್ಕ ಬೇರೆ.

ಕ್ಲೇಮ್ ಅಡ್ಜಸ್ಟರ್, ಅಂದರೆ ಕಂಪನಿಯ ಕಡೆಯಿಂದ ಕ್ಲೇಮ್ ವಿಚಾರಿಸುವವರು, ಭಾಮೈದನಿಗೆ ಫೋನ್ ಮಾಡಿದಾಗಲೇ ಅದು ಗೊತ್ತಾಗಿದ್ದು. ಕರೆ ರೆಕಾರ್ಡ್ ಆಗುತ್ತದೆ ಅಂತ ಮೊದಲೇ ಹೇಳಿದರು. ಎಷ್ಟು ವೇಗದಲ್ಲಿದ್ದೆ, ಕನ್ನಡಿ ನೋಡಿದೆಯಾ ಅಂತ ಕೇಳುತ್ತಾರೆ ಅಂದುಕೊಂಡಿದ್ದೆವು. ಅದನ್ನೆಲ್ಲ ಎರಡು ಮಾತಿನಲ್ಲಿ ಮುಗಿಸಿ ಆಕೆ ಬೇರೆಯೇ ದಾರಿ ಹಿಡಿದರು. ರಾತ್ರಿ ಎಲ್ಲಿ ಮಲಗುತ್ತೀರಿ? ಬ್ಯಾಂಕಿನ ಕಾಗದ ಯಾವ ವಿಳಾಸಕ್ಕೆ ಬರುತ್ತದೆ? ಲೈಸೆನ್ಸ್ ಮೇಲಿರುವ ವಿಳಾಸ ಯಾವುದು? ಕಾರಿನ ಎರಡನೇ ಕೀ ಯಾರ ಹತ್ತಿರ ಇರುತ್ತದೆ? ವಾರದಲ್ಲಿ ಎಷ್ಟು ಸಲ ಓಡಿಸುತ್ತೀರಿ? ಭಾಮೈದ ಫೋನಿಗೆ ಕೈ ಅಡ್ಡ ಹಿಡಿದು, ‘ಭಾವ, ನಿಜಾನೇ ಹೇಳಲಾ?’ ಅಂದ. ‘ನಿಜಾನೇ ಹೇಳಪ್ಪ’ ಅಂದೆ. ಇಂಥ ಕಡೆ ಸುಮ್ನೆ ‘ನಿನ್ನೆ ತಾನೇ ಬಂದಿದ್ದೇನೆ’ ಅಂತ ಒಂದು ಬಿಟ್ಟರೆ, ಚಿಕ್ಕ ಡೆಂಟ್ ಕೇಸು ಇನ್ಶೂರೆನ್ಸ್ ವಂಚನೆ ಕೇಸಾಗಿ ಕೂರುತ್ತದೆ.

ಈ ಪ್ರಶ್ನೆಗಳು ಯಾಕೆ ಅಂತ ಆಮೇಲೆ ಪಾಲಿಸಿ ತೆಗೆದು ಓದಿದೆ. ಅಮೆರಿಕದ ಎಷ್ಟೋ ಕಂಪನಿಗಳು ಐಎಸ್‌ಒ (ಇನ್ಶೂರೆನ್ಸ್ ಸರ್ವೀಸಸ್ ಆಫೀಸ್) ಅನ್ನುವ ಸಂಸ್ಥೆ ಬರೆದ ಮಾದರಿ ಪಾಲಿಸಿಯನ್ನೇ ಅಲ್ಪಸ್ವಲ್ಪ ಬದಲಿಸಿ ಬಳಸುತ್ತವೆ. ಅದರ ಪ್ರಕಾರ ರಕ್ತಸಂಬಂಧ, ಮದುವೆ ಅಥವಾ ದತ್ತು ಮೂಲಕ ನಿಮಗೆ ನೆಂಟರಾಗಿ, ನಿಮ್ಮ ಮನೆಯಲ್ಲೇ ವಾಸ ಇರುವವರು ‘ಫ್ಯಾಮಿಲಿ ಮೆಂಬರ್’. ಪಟ್ಟಿಯಲ್ಲಿ ಹೆಸರು ಇರಲಿ ಬಿಡಲಿ, ಅವರು ಮಾಡಿದ ಅಪಘಾತಕ್ಕೆ ಪಾಲಿಸಿ ಹೊಣೆ. ಹಾಗಾದರೆ ತೊಂದರೆ ಏನು ಅಂತೀರಾ? ತೊಂದರೆ ಇರುವುದು ಅರ್ಜಿಯಲ್ಲಿ. ಮನೆಯಲ್ಲಿ ಇರುವವರನ್ನೆಲ್ಲ ತಿಳಿಸಿ ಅಂತ ಅಲ್ಲಿ ಕೇಳಿರುತ್ತಾರೆ. ಗೊತ್ತಿದ್ದೂ ಮುಚ್ಚಿಟ್ಟರೆ, ಅಥವಾ ರಿನ್ಯೂ ಮಾಡುವಾಗ ಮತ್ತೆ ಕೇಳಿದರೂ ಹೇಳದಿದ್ದರೆ, ಕಂಪನಿ ಹಿಂದಿನ ಪ್ರೀಮಿಯಂ ವಸೂಲಿ ಮಾಡಬಹುದು. ಕೆಲವು ಸಲ ಪಾಲಿಸಿ ಇರಲೇ ಇಲ್ಲ ಅನ್ನುವ ಹಾಗೆ ಮೊದಲಿನಿಂದಲೇ ರದ್ದು ಮಾಡಿಬಿಡಬಹುದು. ಅದು ರಾಜ್ಯದ ಕಾನೂನಿನ ಮೇಲೆ ಹೋಗುತ್ತದೆ.

ನಮ್ಮ ವಿಷಯದಲ್ಲಿ ಅವನು ಬಂದಿದ್ದೇ ಪಾಲಿಸಿ ಶುರುವಾದ ಮೇಲೆ, ರಿನ್ಯೂವಲ್ ಇನ್ನೂ ಬಂದಿರಲಿಲ್ಲ. ಹಾಗಾಗಿ ಎದುರಿನವರ ಕಾರಿನ ಖರ್ಚನ್ನು ಲಯಬಿಲಿಟಿ (ಬೇರೆಯವರಿಗೆ ಆದ ನಷ್ಟದ ಕವರ್) ಕೆಳಗೆ ಪೂರ್ತಿ ಕೊಟ್ಟರು. ನಮ್ಮ ಬಂಪರಿಗೆ, ಸ್ವಂತ ಕಾರಿನ ರಿಪೇರಿಗಿರುವ ಕೊಲಿಷನ್ ಕವರ್‌ನಿಂದ, 500 ಡಾಲರ್ ಡಿಡಕ್ಟಿಬಲ್ (ನಾವೇ ಭರಿಸಬೇಕಾದ ಪಾಲು) ಹಿಡಿದುಕೊಂಡು ಕೊಟ್ಟರು. ಅಡ್ಜಸ್ಟರ್ ಪ್ರತಿ ಹಂತದಲ್ಲೂ ತಾವಾಗಿಯೇ ತಿಳಿಸುತ್ತಿದ್ದರು, ನಾನು ಬೆನ್ನು ಹತ್ತಬೇಕಾಗಲಿಲ್ಲ. ನಾಲ್ಕು ಅಂಕ ಅದಕ್ಕೇ.

ಹಣ ಬಂದ ಹಿಂದೆಯೇ ಒಂದು ಪತ್ರ ಬಂತು. ಇವನನ್ನು ಡ್ರೈವರ್ ಅಂತ ಸೇರಿಸಿ, ಇಲ್ಲವೇ ‘ಎಕ್ಸ್‌ಕ್ಲೂಡೆಡ್’ ಅಂತ ಸಹಿ ಹಾಕಿ. ಎರಡನೆಯದು ಅಗ್ಗ ಅಂತ ಯಾರೂ ಅವಸರದಲ್ಲಿ ಸಹಿ ಹಾಕಬೇಡಿ. ಹಾಗೆ ಹೊರಗಿಟ್ಟ ಮೇಲೆ ಅವನು ನಿಮ್ಮ ಒಪ್ಪಿಗೆಯಿಂದಲೇ ಓಡಿಸಿ ಗುದ್ದಿದರೂ ಕಂಪನಿ ಸಾಮಾನ್ಯವಾಗಿ ಕೈ ಎತ್ತಿಬಿಡುತ್ತದೆ, ನಷ್ಟ ನಿಮ್ಮ ತಲೆ ಮೇಲೆ. ನ್ಯೂಯಾರ್ಕಿನಂಥ ರಾಜ್ಯಗಳಲ್ಲಿ ಒಪ್ಪಿಗೆ ಕೊಟ್ಟು ಓಡಿಸಲು ಬಿಟ್ಟ ಮಾಲೀಕನೂ ಕಾನೂನಿನ ಪ್ರಕಾರ ಹೊಣೆಗಾರನೇ. ನಾವು ಸೇರಿಸಿದೆವು. ಪ್ರೀಮಿಯಂ ಜಾಸ್ತಿ ಆಯಿತು, ಹೊಟ್ಟೆ ಉರಿಯಿತು, ಕಟ್ಟಿದೆವು. ಇಂಥ ಕ್ಲೇಮುಗಳ ದಾಖಲೆ, ವಿಮಾ ಕಂಪನಿಗಳು ತೆಗೆಸಿ ನೋಡುವ ‘ಕ್ಲೂ’ (CLUE) ರಿಪೋರ್ಟಿನಲ್ಲಿ 7 ವರ್ಷದವರೆಗೆ ಇರುತ್ತದೆ, ಹಾಗಾಗಿ ಬೇರೆ ಕಂಪನಿಗೆ ಓಡಿದರೂ ಅವರಿಗೆ ಕಾಣುತ್ತದೆ.

ಏಜೆಂಟನ ಮೇಲೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಪಾಲಿಸಿ ಮಾಡಿಸುವಾಗ ಕಾಗದವಿಲ್ಲದ ಬಿಲ್ಲಿಗೆ ಎಷ್ಟು ರಿಯಾಯಿತಿ ಅಂತ ಹತ್ತು ನಿಮಿಷ ವಿವರಿಸಿದ. ಮುಂದೆ ಮನೆಗೆ ಯಾರಾದರೂ ಬಂದು ಇದ್ದರೆ ತಿಳಿಸಿ ಅಂತ ಒಂದು ಮಾತು ಬಾಯಿಂದ ಬರಲಿಲ್ಲ. ಕೆಲವು ಪಾಲಿಸಿಗಳಲ್ಲಿ ಹೆಸರಿಲ್ಲದವರು ಓಡಿಸಿದರೆ ಕವರ್ ರಾಜ್ಯದ ಕನಿಷ್ಠ ಮಟ್ಟಕ್ಕೆ ಇಳಿದುಬಿಡುತ್ತದೆ, ಕ್ಯಾಲಿಫೋರ್ನಿಯಾದಲ್ಲೂ ಇದಕ್ಕೆ ಅವಕಾಶ ಇದೆ. ನಮ್ಮ ಪಾಲಿಸಿಯಲ್ಲಿ ಆ ಷರತ್ತು ಇದೆಯಾ ಅಂತ ಕೇಳಿದರೆ ‘ನೋಡಿ ಹೇಳುತ್ತೇನೆ’ ಅಂದವನು ಹೇಳಲೇ ಇಲ್ಲ. ನಾನೇ ಹುಡುಕಿಕೊಂಡೆ. ಇರಲಿಲ್ಲ, ಪುಣ್ಯ.

ನಮ್ಮವರಿಗೆ ಇದು ತಲೆಗೆ ಹೋಗದಿರಲು ಕಾರಣವೂ ಇದೆ. ಭಾರತದಲ್ಲಿ ಖಾಸಗಿ ಕಾರಿನ ಪಾಲಿಸಿ ಗಾಡಿಯ ಜೊತೆ ಹೋಗುತ್ತದೆ, ಡ್ರೈವರ್ ಪಟ್ಟಿ ಅಂತ ಇಲ್ಲ. ಸರಿಯಾದ ಲೈಸೆನ್ಸ್ ಇದ್ದವರು ಮಾಲೀಕರ ಒಪ್ಪಿಗೆಯಿಂದ ಓಡಿಸಿದ್ದರೆ ಸಾಕು. 15 ಲಕ್ಷದ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆಯೊಂದು ಮಾತ್ರ ಮಾಲೀಕನಿಗಷ್ಟೇ. ಅದೇ ಅಭ್ಯಾಸದಲ್ಲಿ ಅಮೆರಿಕದಲ್ಲೂ ಕೀ ಕೊಟ್ಟುಬಿಡುತ್ತೇವೆ, ಅಲ್ವಾ? ಅಪ್ಪ ಅಮ್ಮ ಬಂದು ಆರು ತಿಂಗಳು ಇರುವವರಾದರೆ, ಅವರು ಸ್ಟೀರಿಂಗ್ ಹಿಡಿಯುವ ಮುಂಚೆ ಕಂಪನಿಗೆ ಒಂದು ಇಮೇಲ್ ಹಾಕಿ. ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ನಮ್ಮ ಕೈಯಲ್ಲಿ ಇರುವುದಿಲ್ಲ.

ಈಗ ಏಜೆಂಟನನ್ನು ಬದಲಾಯಿಸಿದ್ದೇವೆ, ಕಂಪನಿ ಅದೇ. ಭಾಮೈದನಿಗೆ ಮನೆ ಸಿಕ್ಕಿದೆ, ಸ್ವಂತ ಕಾರು, ಸ್ವಂತ ಪಾಲಿಸಿ. ನಮ್ಮ ಪಟ್ಟಿಯಿಂದ ಹೆಸರು ತೆಗೆಯಲು ಹೊಸ ವಿಳಾಸದ ಪುರಾವೆ ಕೇಳಿದರು. ಬಾಡಿಗೆ ಕರಾರಿನ ಪ್ರತಿ ಕಳಿಸಿದ್ದೇವೆ, ಉತ್ತರ ಇನ್ನೂ ಬಂದಿಲ್ಲ. ಸೇರಿಸುವಾಗ ಮಾತ್ರ ಅದೇ ದಿನ ಆಗಿತ್ತು.