ಸ್ಟೆಗ್‌ಹೈಡ್: ದೇವರಾಯನದುರ್ಗದ ಫೋಟೋದಲ್ಲಿ ನನ್ನ ಗುಟ್ಟು

ನಮ್ಮ ತುಮಕೂರು ಮನೆಯಲ್ಲಿ ಲ್ಯಾಪ್‌ಟಾಪ್ ಒಂದೇ, ಮುಟ್ಟುವವರು ನಾಲ್ಕೈದು ಜನ. ಪಾಸ್‌ವರ್ಡ್‌ಗಳನ್ನು ಬರೆದಿಟ್ಟ ಫೈಲನ್ನು ಎಲ್ಲಿ ಬಚ್ಚಿಡೋದು ಅಂತ ಹುಡುಕಿ, ಫೋಟೋದೊಳಗೆ ಫೈಲು ಬಚ್ಚಿಡೋ ಸ್ಟೆಗ್‌ಹೈಡ್ ಅನ್ನೋ ತಂತ್ರಾಂಶ ಹಾಕಿಕೊಂಡೆ. ದುಡ್ಡು ಕೊಡಬೇಕಿಲ್ಲ. ಉಬುಂಟು ಅನ್ನೋ ಲಿನಕ್ಸ್ ವ್ಯವಸ್ಥೆಯಲ್ಲಿ ಇದನ್ನು ಹಾಕಿಕೊಳ್ಳೋಕೆ ಒಂದೇ ಸಾಲಿನ ಕಮಾಂಡ್ ಸಾಕು, ಆದರೆ ಒತ್ತೋಕೆ ಬಟನ್ ಗಿಟನ್ ಏನೂ ಇಲ್ಲ, ಎಲ್ಲ ಟರ್ಮಿನಲ್ ಅನ್ನೋ ಕಮಾಂಡ್ ಕಿಟಕಿಯಲ್ಲೇ ಟೈಪ್ ಮಾಡಬೇಕು.

ಮಳೆಗಾಲದಲ್ಲಿ ದೇವರಾಯನದುರ್ಗದಲ್ಲಿ ತೆಗೆದ ಜೆಪೆಗ್ ಫೋಟೋ ಕೊಟ್ಟೆ, ಪಾಸ್‌ವರ್ಡ್ ಕೊಟ್ಟೆ, ಅಷ್ಟೇ, ಫೈಲು ಒಳಗೆ. ಹಳೇದು ಹೊಸದು ಪಕ್ಕಪಕ್ಕ ಇಟ್ಟು ಎಷ್ಟು ದೊಡ್ಡದು ಮಾಡಿ ನೋಡಿದರೂ ವ್ಯತ್ಯಾಸ ಕಾಣಲಿಲ್ಲ. ಇದು ಚಿತ್ರದೊಳಗಿನ ಸಂಖ್ಯೆಗಳನ್ನು ಆದಷ್ಟೂ ಒಂದಕ್ಕೊಂದು ಅದಲುಬದಲು ಮಾಡಿ ಮಾಹಿತಿ ಸೇರಿಸುತ್ತದೆ, ಹಾಗಾಗಿ ಯಾವ ಸಂಖ್ಯೆ ಎಷ್ಟು ಸಲ ಬಂದಿದೆ ಅನ್ನೋ ಲೆಕ್ಕ ಹೆಚ್ಚೂಕಡಿಮೆ ಹಾಗೇ ಉಳಿಯುತ್ತದೆ, ಆ ಲೆಕ್ಕ ನೋಡಿ ಪತ್ತೆ ಹಚ್ಚೋದು ಕಷ್ಟ. ಜಾಣತನ ಅಲ್ವಾ? ಅದಕ್ಕೂ ಮೊದಲು ಫೈಲನ್ನು ಕುಗ್ಗಿಸಿ ಗೂಢಲಿಪಿ ಮಾಡುತ್ತದೆ.

ನಾನು ಎಡವಿದ್ದು ಬೇರೆ ಕಡೆ. ಅದೇ ಫೋಟೋವನ್ನು ಒಂದು ಚಾಟ್ ಆ್ಯಪ್‌ನಲ್ಲಿ ತಮ್ಮನಿಗೆ ಕಳಿಸಿದೆ, ಆ್ಯಪ್ ಫೋಟೋವನ್ನು ಹಿಂಡಿ ಚಿಕ್ಕದು ಮಾಡಿತ್ತು, ಒಳಗಿದ್ದದ್ದೆಲ್ಲ ಮಾಯ! ಡಾಕ್ಯುಮೆಂಟ್ ಅಂತ ಕಳಿಸಿದಾಗ ಸರಿಯಾಗಿ ಬಂತು.

ಪಿಎನ್‌ಜಿ ಚಿತ್ರ ಇದಕ್ಕೆ ಆಗಿಬರೋದಿಲ್ಲ. 0.5.1 ಆವೃತ್ತಿ ಬಂದದ್ದು 2003ರಲ್ಲಿ, ಇವತ್ತಿಗೂ ಅದೇ. ಸುಮ್ನೆ 123456 ಅಂತ ಪಾಸ್‌ವರ್ಡ್ ಇಟ್ಟರೆ ಸ್ಟೆಗ್‌ಸೀಕ್ ಅನ್ನೋ ಇನ್ನೊಂದು ತಂತ್ರಾಂಶ ಕ್ಷಣದಲ್ಲಿ ಬಿಚ್ಚಿಬಿಡುತ್ತದೆ, ಉದ್ದದ್ದೇ ಇಡಿ. ಮೂಲ ಫೋಟೋ ಅಳಿಸಿಬಿಡಿ, ಎರಡನ್ನೂ ಹೋಲಿಸಿದರೆ ಗುಟ್ಟು ರಟ್ಟು. ಐದಕ್ಕೆ ನಾಲ್ಕು ಕೊಡ್ತೀನಿ.