ಜಾಗ ಜಾಸ್ತಿ ಯಾವುದರಲ್ಲಿ? ಅಣ್ಣನ ಕುಶಾಕ್, ನಮ್ಮ ಸ್ಲಾವಿಯಾ

ಎಸ್‌ಯುವಿ (ಜೀಪಿನ ಹಾಗೆ ಎತ್ತರವಾಗಿರುವ ಕಾರು) ಅಂದ್ರೆ ಒಳಗೆ ಜಾಗ ಜಾಸ್ತಿ ಅಂತ ನಂಬಿಕೊಂಡು ಶೋರೂಮಿಗೆ ಹೊರಟವರು ಇದನ್ನೊಮ್ಮೆ ಓದಿ.

ನಮ್ಮ ಮನೆಯಲ್ಲಿರುವುದು ಸ್ಕೋಡಾ ಸ್ಲಾವಿಯಾ, ಅಣ್ಣನ ಹತ್ತಿರ ಸ್ಕೋಡಾ ಕುಶಾಕ್. ಒಂದು ಸೆಡಾನ್, ಅಂದರೆ ಹಿಂದೆ ಡಿಕ್ಕಿ ಬೇರೆಯಾಗಿ ಚಾಚಿಕೊಂಡಿರುವ ತಗ್ಗು ಕಾರು, ಇನ್ನೊಂದು ಎಸ್‌ಯುವಿ. ಎರಡನ್ನೂ ಕಟ್ಟಿರುವ ಪ್ಲಾಟ್‌ಫಾರ್ಮ್, ಅಂದರೆ ಕಾರಿನ ತಳಪಾಯ, ಒಂದೇ. ವೀಲ್‌ಬೇಸ್, ಅಂದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರುವ ಅಂತರ, ಎರಡರಲ್ಲೂ 2,651 ಮಿ.ಮೀ. ಹೋಲಿಸಿ ನೋಡೋಕೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ. ಮೇ ತಿಂಗಳಲ್ಲಿ ಬೆಂಗಳೂರಿನಿಂದ ಬೆಳ್ತಂಗಡಿ ಹತ್ತಿರದ ನಮ್ಮ ಊರಿಗೆ ಎರಡೂ ಕಾರು ತೆಗೆದುಕೊಂಡು ಹೋದೆವು. ದಾರಿಯಲ್ಲಿ ಬೇಕಂತಲೇ ಎಲ್ಲರೂ ಕಾರು ಬದಲಿಸಿ ಕೂತೆವು.

ಮೊದಲು ಕಾಲಿಡುವ ಜಾಗ. ನಾನು ಐದು ಅಡಿ ಹತ್ತು ಇಂಚು. ಡ್ರೈವರ್ ಸೀಟನ್ನು ನನಗೆ ಬೇಕಾದಷ್ಟು ಹಿಂದಕ್ಕೆ ತಳ್ಳಿ, ಅದರ ಹಿಂದೆ ನಾನೇ ಹೋಗಿ ಕೂತೆ. ಎರಡರಲ್ಲೂ ಮೊಣಕಾಲು ಮುಂದಿನ ಸೀಟಿಗೆ ತಾಗಲಿಲ್ಲ. ನಿಜ ಹೇಳಬೇಕೆಂದರೆ ಸ್ಲಾವಿಯಾದಲ್ಲೇ ಆರಾಮ ಅನಿಸಿತು, ಯಾಕೆಂದರೆ ಸೀಟು ತಗ್ಗು, ಕಾಲು ಮುಂದಕ್ಕೆ ಚಾಚಿಕೊಳ್ಳುತ್ತದೆ, ಬೆನ್ನೂ ಸ್ವಲ್ಪ ಹಿಂದಕ್ಕೆ ಒರಗುತ್ತದೆ. ಅಗಲದಲ್ಲಿ ಎರಡಕ್ಕೂ ಇರುವ ವ್ಯತ್ಯಾಸ ಒಂದು ಸೆಂಟಿಮೀಟರ್ ಕೂಡ ಇಲ್ಲ. ಹಾಗಾಗಿ ಹಿಂದೆ ಮೂರು ಜನ ದೊಡ್ಡವರು ಕೂರುವ ಲೆಕ್ಕದಲ್ಲಿ ಎಸ್‌ಯುವಿ ತಗೊಂಡ್ರೆ ಏನೂ ಲಾಭವಿಲ್ಲ.

ಹಾಗಾದ್ರೆ ಎಸ್‌ಯುವಿಯಲ್ಲಿ ಜಾಸ್ತಿ ಸಿಗುವುದೇನು? ಎತ್ತರ. ಕುಶಾಕ್ 1,612 ಮಿ.ಮೀ., ಸ್ಲಾವಿಯಾ 1,507. ಹತ್ತು ಸೆಂಟಿಮೀಟರ್ ಅಷ್ಟೇ ಅಲ್ವಾ ಅನ್ನಬೇಡಿ. ನಮ್ಮ ಅಮ್ಮನನ್ನು ಕೇಳಿ.

ಅಮ್ಮನಿಗೆ ಮೊಣಕಾಲು ನೋವು. ಹೋಗುವಾಗ ನಮ್ಮ ಜೊತೆ ಸ್ಲಾವಿಯಾದಲ್ಲಿ ಇದ್ದರು. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸಿದೆವು. ಅಮ್ಮ ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟರು, ಸೆರಗು ಸರಿಮಾಡಿಕೊಂಡರು, ಬಾಗಿಲಿನ ಅಂಚನ್ನು ಹಿಡಿದು ಏಳೋಕೆ ನೋಡಿದರು. ಆಗಲಿಲ್ಲ. ಎರಡನೇ ಸಲಕ್ಕೆ ನಾನು ಕೈ ಕೊಟ್ಟೆ. "ಕೂತ ಮೇಲೆ ಸುಖವೇ, ಏಳೋದೇ ಕಷ್ಟ ಮಾರಾಯ" ಅಂದರು. ವಾಪಸ್ ಬರುವಾಗ ಅಣ್ಣನ ಕಾರಿನಲ್ಲಿ ಕೂತವರು ಅದೇ ಜಾಗದಲ್ಲಿ ಯಾರ ಕೈಯನ್ನೂ ಹಿಡಿಯದೆ ಇಳಿದರು. ಸೀಟು ಹೆಚ್ಚುಕಡಿಮೆ ಕುರ್ಚಿಯ ಎತ್ತರಕ್ಕಿರುವುದರಿಂದ ಸೊಂಟ ತಿರುಗಿಸಿದರೆ ಕಾಲು ನೆಲಕ್ಕೆ ಸಿಗುತ್ತದೆ. ಅದನ್ನು ನೋಡಿ ನನಗೆ ತುಂಬಾ ಸಮಾಧಾನವಾಯಿತು. ಆದರೆ ಇನ್ನೂ ಎತ್ತರದ ದೊಡ್ಡ ಎಸ್‌ಯುವಿಗಳ ವಿಷಯ ಬೇರೆ. ಸೀರೆ ಉಟ್ಟವರು ಅಲ್ಲಿ ಹತ್ತೋಕೇ ಒದ್ದಾಡಬೇಕು.

ಚಾರ್ಮಾಡಿ ತಿರುವುಗಳಲ್ಲಿ ಮಾತ್ರ ಸೆಡಾನ್ ಗೆದ್ದಿತು. ಎತ್ತರದಲ್ಲಿ ಕೂತಷ್ಟೂ ಮೈ ಆಚೆ ಈಚೆ ವಾಲುವುದು ಜಾಸ್ತಿ, ಇದು ಯಾವ ಎಸ್‌ಯುವಿಗಾದರೂ ಇರುವ ಗುಣವೇ. ಘಾಟಿ ಅಂದರೆ ವಾಂತಿ ಮಾಡಿಕೊಳ್ಳುವ ನನ್ನ ಮಗಳು ಸ್ಲಾವಿಯಾದಲ್ಲಿ ಕೆಳಗಿಳಿಯುವವರೆಗೂ ನಿದ್ದೆ ಮಾಡಿದಳು.

ಇನ್ನು ಡಿಕ್ಕಿ. ಜನ ಮೋಸ ಹೋಗುವುದೇ ಇಲ್ಲಿ. ಕುಶಾಕ್ ಉದ್ದ 4,225 ಮಿ.ಮೀ., ಸ್ಲಾವಿಯಾ 4,541. ವೀಲ್‌ಬೇಸ್ ಒಂದೇ ಆದಮೇಲೆ ಆ ಒಂದಡಿ ಉದ್ದದ ಲಾಭ ಎಲ್ಲಕ್ಕಿಂತ ಜಾಸ್ತಿ ಡಿಕ್ಕಿಗೇ ಆಗಿದೆ. ಸ್ಲಾವಿಯಾದ್ದು 521 ಲೀಟರ್, ಕುಶಾಕ್‌ದು 385. ಊರಿಂದ ಹೊರಟಾಗ ನಮ್ಮ ಡಿಕ್ಕಿಗೆ ಎರಡು ಸೂಟ್‌ಕೇಸ್, ಒಂದು ಚೀಲ ತೆಂಗಿನಕಾಯಿ, ಹಪ್ಪಳದ ಡಬ್ಬ, ದೊಡ್ಡದೊಂದು ಹಲಸಿನಹಣ್ಣು ಎಲ್ಲಾ ಹೋಯಿತು. ಹಣ್ಣು ಆಗಲೇ ಘಮಘಮ ಅಂತಿತ್ತು, ಆದರೂ ಸೆಡಾನ್ ಡಿಕ್ಕಿ ಬೇರೆಯೇ ಇರುವುದರಿಂದ ಒಳಗೆ ಕೂತವರಿಗೆ ವಾಸನೆ ಅಷ್ಟಾಗಿ ಬರಲಿಲ್ಲ. ಎಸ್‌ಯುವಿಯಲ್ಲಿ ಸಾಮಾನು ನಿಮ್ಮ ತಲೆಯ ಹಿಂದೆಯೇ ಇರುತ್ತದೆ. ಹಾಗಂತ ಫ್ರಿಡ್ಜ್, ಸೈಕಲ್ ತರಹದ ಎತ್ತರದ ಸಾಮಾನು ಸಾಗಿಸುವವರಿಗೆ ಸೆಡಾನ್ ಬೇಡ, ಅದರ ಬಾಯಿ ಚಿಕ್ಕದು.

ಚಿಕ್ಕ ಕಾರುಗಳಲ್ಲೂ ಇದೇ ಕಥೆ. ಮಾರುತಿಯ ಸೆಡಾನ್ ಹೊಸ ಡಿಜೈರ್ ಡಿಕ್ಕಿ 382 ಲೀಟರ್, ಅದೇ ಕಂಪನಿಯ ಎಸ್‌ಯುವಿ ಬ್ರೆಝಾದ್ದು 328. ಎರಡೂ ನಾಲ್ಕು ಮೀಟರಿನೊಳಗಿನ ಕಾರುಗಳೇ.

ಟೆಸ್ಟ್ ಡ್ರೈವ್‌ಗೆ ದಯವಿಟ್ಟು ಒಬ್ಬರೇ ಹೋಗಬೇಡಿ. ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ, ಹಿಂದಿನ ಸೀಟಿನಲ್ಲಿ ಮೂರು ಸಲ ಹತ್ತಿ ಇಳಿಯಲು ಹೇಳಿ. ಸನ್‌ರೂಫ್ ಇರುವ ಮಾಡೆಲ್ ಆದರೆ ಅದರಲ್ಲೇ ಕೂರಿಸಿ, ಏಕೆಂದರೆ ತಲೆ ಮೇಲಿನ ಜಾಗ ಅಲ್ಲಿ ಕಡಿಮೆಯಾಗುತ್ತದೆ.

ನಾವು ಸ್ಲಾವಿಯಾ ಮಾರುವುದಿಲ್ಲ. ಮುಂದಿನ ಸಲ ಊರಿಗೆ ಹೋಗುವಾಗ ಅಮ್ಮ ಅಣ್ಣನ ಕಾರಲ್ಲಿ, ಮಗಳು ಮತ್ತು ಹಲಸಿನಹಣ್ಣು ನಮ್ಮ ಕಾರಲ್ಲಿ ಅಂತ ಈಗಾಗಲೇ ಮಾತಾಗಿದೆ.