ಪ್ರವಾಸಕ್ಕೆ ಮಾರಿಷಸ್ಸೋ, ರಿಯೂನಿಯನ್ನೋ?

ಹಿಂದೂ ಮಹಾಸಾಗರದಲ್ಲಿ ಎರಡೂ ಅಕ್ಕಪಕ್ಕದ ದ್ವೀಪಗಳು, ನಡುವೆ ಸುಮಾರು 200 ಕಿ.ಮೀ. ಅಷ್ಟೆ. ಎರಡೂ ಜ್ವಾಲಾಮುಖಿಯಿಂದ ಹುಟ್ಟಿದವು, ಎರಡರಲ್ಲೂ ಕಬ್ಬಿನ ಗದ್ದೆ. ಹೋಲಿಕೆ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು.

ಮಾರಿಷಸ್ ಹಳೆಯ ದ್ವೀಪ. ಸವೆದು ತಗ್ಗಾಗಿದೆ, ಅತಿ ಎತ್ತರದ ಬೆಟ್ಟವೇ 828 ಮೀಟರ್. ಹೆಚ್ಚುಕಡಿಮೆ ಸುತ್ತಲೂ ಹವಳದ ದಿಬ್ಬ ಇರುವುದರಿಂದ ಬಹುತೇಕ ಕಡೆ ಅಲೆಗಳು ದೂರದಲ್ಲೇ ಒಡೆಯುತ್ತವೆ, ದಡದ ನೀರು ಕೆರೆಯ ಹಾಗೆ ಶಾಂತ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಬೇರೆ ಯೋಚನೆಯೇ ಬೇಡ.

ರಿಯೂನಿಯನ್ ಬೇರೆಯದೇ ಸ್ವಭಾವ. ಪಿಟೊನ್ ದೆ ನೇಜ್ ಶಿಖರ 3,000 ಮೀಟರ್ ದಾಟುತ್ತದೆ. ಪಿಟೊನ್ ದೆ ಲಾ ಫೂರ್ನೇಸ್ ಈಗಲೂ ಆಗಾಗ ಲಾವಾ ಉಗುಳುತ್ತದೆ. ಮಫಾತ್ ಎಂಬ ಕಣಿವೆಗೆ ರಸ್ತೆಯೇ ಇಲ್ಲ. ಅಲ್ಲಿನ ಊರುಗಳಿಗೆ ನಡೆದೇ ಹೋಗಬೇಕು, ಸಾಮಾನು ಹೆಲಿಕಾಪ್ಟರ್‌ನಲ್ಲಿ ಬರುತ್ತದೆ! ಕಡಲತೀರ ಮಾತ್ರ ಕಡಿಮೆ. ಶಾರ್ಕ್ ಕಾಟದಿಂದ ಈಜಲು ನಿರ್ಬಂಧವೂ ಜಾಸ್ತಿ.

ದುಡ್ಡಿನ ಲೆಕ್ಕ ನೋಡಿ. ಮಾರಿಷಸ್ 1968ರಲ್ಲಿ ಸ್ವತಂತ್ರವಾಯಿತು. ಆಗ ಸಕ್ಕರೆಯೇ ಎಲ್ಲ. ಆಮೇಲೆ ಸಿದ್ಧ ಉಡುಪು, ಪ್ರವಾಸೋದ್ಯಮ, ಹಣಕಾಸು ಸೇವೆ ಹೀಗೆ ಒಂದೊಂದಾಗಿ ಸೇರಿಸಿಕೊಂಡಿತು. ಅಲ್ಲಿ ನಡೆಯುವುದು ಮಾರಿಷಸ್ ರೂಪಾಯಿ. ರಿಯೂನಿಯನ್ 1946ರಿಂದ ಫ್ರಾನ್ಸಿನ ಜಿಲ್ಲೆ, ಚಲಾವಣೆಯಲ್ಲಿರುವುದು ಯೂರೋ. ರಸ್ತೆ, ಆಸ್ಪತ್ರೆ ಚೆನ್ನಾಗಿವೆ, ಆದರೆ ಫ್ರಾನ್ಸಿನ ನೆರವಿಲ್ಲದೆ ನಡೆಯುವುದು ಕಷ್ಟ. ಬಹುಪಾಲು ಸಾಮಾನು ಹೊರಗಿಂದ ಬರಬೇಕಲ್ವಾ, ಹಾಗಾಗಿ ದುಬಾರಿ. ನಿರುದ್ಯೋಗವೂ ಹೆಚ್ಚು.

ಸುಮ್ನೆ ನೀರಲ್ಲಿ ಕಾಲು ಚಾಚಿ ಕೂರಬೇಕೆಂದರೆ ಮಾರಿಷಸ್. ನನ್ನನ್ನು ಕೇಳಿದರೆ ಬೂಟು ಕಟ್ಟಿಕೊಂಡು ಮಫಾತ್‌ಗೇ ಹೊರಡುತ್ತೇನೆ. ಜನವರಿಯಿಂದ ಮಾರ್ಚ್‌ವರೆಗೆ ಎರಡೂ ಕಡೆ ಚಂಡಮಾರುತದ ಭಯ ಹೆಚ್ಚು.